‘=’ ಒಂದೇ, ಕೆಲಸ ಬೇರೆ ಬೇರೆ: ನಿಮ್ಮ ಪ್ರೋಗ್ರಾಮಿಗೆ ಯಾವ ಬಗೆಯ ಅಸೈನ್‌ಮೆಂಟ್ ಬೇಕು?

‘=’ ಬಳಸಿ ಒಂದು ಹೆಸರಿಗೆ ಬೆಲೆ ಕೊಡುವುದಕ್ಕೆ ಅಸೈನ್‌ಮೆಂಟ್ ಅನ್ನುತ್ತಾರೆ. ಈ ಮೂರು ಸಾಲು ನೋಡಿ.

ಪಟ್ಟಿ = [1, 2, 3]
ಇನ್ನೊಂದು = ಪಟ್ಟಿ
ಇನ್ನೊಂದು[0] = 99

ಈಗ ‘ಪಟ್ಟಿ’ಯಲ್ಲಿ ಏನಿದೆ? 1, 2, 3 ಇದೆಯಾ? ಇಲ್ಲ 99, 2, 3 ಇದೆಯಾ?

ಯಾವ ಭಾಷೆ ಅಂತ ಹೇಳದೆ ಉತ್ತರ ಕೊಡಲು ಆಗುವುದಿಲ್ಲ. ಪೈಥಾನ್‌ನಲ್ಲಾದರೆ 99, 2, 3. (ಪೈಥಾನ್ 3 ರಲ್ಲಿ ವೇರಿಯೇಬಲ್ ಹೆಸರನ್ನು ಕನ್ನಡ ಅಕ್ಷರದಲ್ಲೇ ಇಡಬಹುದು. ಮೇಲಿನ ಮೂರು ಸಾಲು ಹಾಗ್ಹಾಗೇ ಓಡುತ್ತವೆ, ಬೇಕಿದ್ದರೆ ಈಗಲೇ ಹಾಕಿ ನೋಡಿ.) ಇದನ್ನೇ ಸ್ವಿಫ್ಟ್‌ನಲ್ಲಿ ಬರೆದರೆ 1, 2, 3. ಸಿ ಪ್ಲಸ್ ಪ್ಲಸ್‌ನ ವೆಕ್ಟರ್ (ಅಲ್ಲಿನ ಪಟ್ಟಿ) ಬಳಸಿದರೂ 1, 2, 3. ರಸ್ಟ್‌ನಲ್ಲಿ ವೆಕ್ಟರ್ ಬಳಸಿ ಬರೆದು, ಕೊನೆಗೆ ‘ಪಟ್ಟಿ’ಯನ್ನು ಪ್ರಿಂಟ್ ಮಾಡಲು ಹೋದರೆ ಪ್ರೋಗ್ರಾಂ ಕಂಪೈಲೇ ಆಗುವುದಿಲ್ಲ, ಅಂದರೆ ಯಂತ್ರ ಓಡಿಸುವ ರೂಪಕ್ಕೆ ಬದಲಾಗುವುದೇ ಇಲ್ಲ. ಸಿ ಭಾಷೆ ಎರಡನೇ ಸಾಲನ್ನೇ ಒಪ್ಪುವುದಿಲ್ಲ. ಒಂದು ಅರೇಯನ್ನು (ಸಿ ಭಾಷೆಯ ಪಟ್ಟಿ) ಇನ್ನೊಂದು ಅರೇಗೆ ನೇರವಾಗಿ ಅಸೈನ್ ಮಾಡುವುದು ಅಲ್ಲಿ ತಪ್ಪು. ತಮಾಷೆ ಅಂದರೆ, ಅದೇ ಅರೇಯನ್ನು ಒಂದು ಸ್ಟ್ರಕ್ಟ್ (ಹಲವು ಬೆಲೆಗಳ ಕಟ್ಟು) ಒಳಗೆ ಹಾಕಿ ಆ ಸ್ಟ್ರಕ್ಟನ್ನು ಅಸೈನ್ ಮಾಡಿದರೆ ಪೂರ್ತಿ ನಕಲಾಗುತ್ತದೆ!

ಭಾಷೆ ಆರಿಸುವಾಗ ವೇಗ ಎಷ್ಟು, ಲೈಬ್ರರಿ ಎಷ್ಟಿವೆ ಅಂತ ಎಲ್ಲರೂ ಕೇಳುತ್ತಾರೆ. ‘=’ ಏನು ಮಾಡುತ್ತದೆ ಅಂತ ಕೇಳುವವರು ಕಮ್ಮಿ. ಆದರೆ ದಿನವಿಡೀ ಬರೆಯುವುದು ಅದನ್ನೇ ಅಲ್ವಾ? ಆ ಗುರುತು ಮಾಡುವ ಕೆಲಸ ಮುಖ್ಯವಾಗಿ ಮೂರು ಬಗೆ: ಇನ್ನೊಂದು ಹೆಸರು ಅಂಟಿಸುವುದು, ನಕಲು ಮಾಡುವುದು, ಹಸ್ತಾಂತರ ಮಾಡುವುದು.

ಹೆಸರು ಅಂಟಿಸುವ ಭಾಷೆಗಳು

ಪೈಥಾನ್, ರೂಬಿ, ಜಾವಾಸ್ಕ್ರಿಪ್ಟ್‌ನ ಆಬ್ಜೆಕ್ಟ್‌ಗಳು, ಜಾವಾದ ಆಬ್ಜೆಕ್ಟ್‌ಗಳು ಈ ಗುಂಪಿಗೆ ಸೇರುತ್ತವೆ. ಇಲ್ಲಿ ಮೌಲ್ಯ ಮೆಮೊರಿಯಲ್ಲಿ ಒಂದು ಕಡೆ ಕೂತಿರುತ್ತದೆ. ವೇರಿಯೇಬಲ್ ಅಂದರೆ ಅದಕ್ಕೆ ಅಂಟಿಸಿದ ಚೀಟಿ. ‘=’ ಬರೆದಾಗ ಅದೇ ವಸ್ತುವಿನ ಮೇಲೆ ಎರಡನೇ ಚೀಟಿ ಬೀಳುತ್ತದೆ, ಅಷ್ಟೇ. ಯಾವ ಚೀಟಿ ಹಿಡಿದು ಹೋದರೂ ಸಿಗುವ ವಸ್ತು ಒಂದೇ.

ಮೊದಲ ಪಾಠದಲ್ಲಿ ‘ವೇರಿಯೇಬಲ್ ಅಂದರೆ ಒಂದು ಡಬ್ಬಿ, ಅದರೊಳಗೆ ಬೆಲೆ ಇಡುತ್ತೇವೆ’ ಅಂತ ಕಲಿಸುತ್ತಾರೆ. ಸಿ ಭಾಷೆಗೆ ಅದು ಸರಿಯಾದ ಚಿತ್ರ. ಪೈಥಾನ್‌ಗೆ ತಪ್ಪು ಚಿತ್ರ. ಆ ಡಬ್ಬಿಯನ್ನು ತಲೆಯಲ್ಲಿಟ್ಟುಕೊಂಡೇ ನಾನು ಒಮ್ಮೆ ಒಂದು ಸಂಜೆ ಪೂರ್ತಿ ಕಳೆದುಕೊಂಡಿದ್ದೇನೆ. ಮೂರು ಅಡ್ಡಸಾಲು, ಮೂರು ಕಂಬಸಾಲಿನ ಒಂದು ಆಟದ ಚೌಕ ಬೇಕಿತ್ತು. ಹೀಗೆ ಬರೆದೆ:

ಚೌಕ = [[0] * 3] * 3
ಚೌಕ[0][0] = 5

ಮೇಲಿನ ಎಡ ಮೂಲೆಯಲ್ಲಿ ಮಾತ್ರ 5 ಬರಬೇಕು. ಬಂದದ್ದು ಮೂರೂ ಸಾಲಿನ ಮೊದಲ ಮನೆಯಲ್ಲಿ. ಆಟದ ಲಾಜಿಕ್ ತಪ್ಪಿದೆ ಅಂದುಕೊಂಡು ಅದನ್ನೇ ಬಿಚ್ಚಿ ಬಿಚ್ಚಿ ನೋಡಿದೆ. ತಪ್ಪು ಮೊದಲ ಸಾಲಿನಲ್ಲೇ ಇತ್ತು. ಹೊರಗಿನ ‘* 3’ ಮೂರು ಲಿಸ್ಟ್ ಮಾಡುವುದಿಲ್ಲ, ಒಂದೇ ಲಿಸ್ಟಿಗೆ ಮೂರು ಚೀಟಿ ಅಂಟಿಸುತ್ತದೆ. ಹಾಗಾದರೆ ಒಳಗಿನ ‘[0] * 3’ ಕೂಡ ಅದನ್ನೇ ಮಾಡುತ್ತದಲ್ಲ, ಅಲ್ಲೇಕೆ ತೊಂದರೆ ಆಗಲಿಲ್ಲ? ಆ ಮೂರೂ ಚೀಟಿ ಒಂದೇ ಸೊನ್ನೆಗೆ ಅಂಟಿರುವುದು ನಿಜ. ಆದರೆ ಪೈಥಾನ್‌ನಲ್ಲಿ ಸಂಖ್ಯೆಯನ್ನು ಒಳಗಿಂದ ಬದಲಾಯಿಸಲು ಬರುವುದಿಲ್ಲ. ಆ ಮನೆಗೆ 5 ಹಾಕಿದಾಗ ಚೀಟಿ ಸೊನ್ನೆಯಿಂದ ಕಿತ್ತು 5ಕ್ಕೆ ಅಂಟಿತು, ಸೊನ್ನೆಗೆ ಏನೂ ಆಗಲಿಲ್ಲ. ಹಂಚಿಕೊಳ್ಳುವುದರಿಂದಷ್ಟೇ ಕಷ್ಟ ಬರುವುದಿಲ್ಲ. ಹಂಚಿಕೊಂಡ ವಸ್ತು ಬದಲಾಗುವಂಥದ್ದು ಆಗಿದ್ದರೆ ಮಾತ್ರ ಬರುತ್ತದೆ.

ಈ ಬಗೆಯ ದೊಡ್ಡ ಲಾಭ ಅಂದರೆ ಅದು ಅಗ್ಗ. ಲಿಸ್ಟ್‌ನಲ್ಲಿ ಹತ್ತು ಲಕ್ಷ ಸಂಖ್ಯೆ ಇದ್ದರೂ ಅಸೈನ್‌ಮೆಂಟ್‌ನಲ್ಲಿ ಓಡಾಡುವುದು ಒಂದು ವಿಳಾಸ ಮಾತ್ರ, 64 ಬಿಟ್ ಯಂತ್ರದಲ್ಲಿ 8 ಬೈಟ್. ಚಿಕ್ಕ ಸ್ಕ್ರಿಪ್ಟ್, ಡೇಟಾ ಓದಿ ಲೆಕ್ಕ ಹಾಕುವ ಕೆಲಸ, ಒಬ್ಬರೇ ಬರೆದು ಒಬ್ಬರೇ ನೋಡಿಕೊಳ್ಳುವ ಕೋಡ್, ಇವಕ್ಕೆಲ್ಲ ಇದೇ ಸಾಕು. ಓದುವುದು ಜಾಸ್ತಿ, ತಿದ್ದುವುದು ಕಮ್ಮಿ ಇದ್ದರೆ ಕಣ್ಣು ಮುಚ್ಚಿ ಇದನ್ನು ಆರಿಸಿ. ಆದರೆ ಹತ್ತು ಜನ ಸೇರಿ ಬರೆಯುವ ದೊಡ್ಡ ಕೋಡ್‌ನಲ್ಲಿ, ನಾನು ಕೊಟ್ಟ ಲಿಸ್ಟನ್ನು ಯಾವುದೋ ಫಂಕ್ಷನ್ ಸದ್ದಿಲ್ಲದೆ ತಿದ್ದಿಬಿಟ್ಟರೆ ಹುಡುಕುವುದು ನಿಜಕ್ಕೂ ತಲೆನೋವು.

ನಕಲು ಮಾಡುವ ಭಾಷೆಗಳು

ಸಿ ಪ್ಲಸ್ ಪ್ಲಸ್, ಸ್ವಿಫ್ಟ್‌ನ ಅರೇ, ಡಿಕ್ಷನರಿ, ಸ್ಟ್ರಕ್ಟ್‌ಗಳು, ಪಿಎಚ್‌ಪಿಯ ಅರೇ, ಆರ್ ಭಾಷೆಯ ವೆಕ್ಟರ್ ಈ ಕಡೆಯವು. ‘=’ ಬರೆದ ಮೇಲೆ ನಿಮ್ಮದು ನಿಮಗೆ, ನನ್ನದು ನನಗೆ. ನೀವು ಏನು ಮಾಡಿದರೂ ನನ್ನ ಲಿಸ್ಟ್ ಬದಲಾಗುವುದಿಲ್ಲ. ಕೋಡ್ ಓದುವವರಿಗೆ ಇದರಷ್ಟು ನೆಮ್ಮದಿ ಬೇರೆ ಇಲ್ಲ.

ನೆಮ್ಮದಿಗೆ ಬೆಲೆ ತೆರಬೇಕಾಗುತ್ತದೆ. ತಲಾ 8 ಬೈಟ್‌ನ ಹತ್ತು ಲಕ್ಷ ಸಂಖ್ಯೆ ಅಂದರೆ 80 ಲಕ್ಷ ಬೈಟ್. ಸಿ ಪ್ಲಸ್ ಪ್ಲಸ್‌ನಲ್ಲಿ ಫಂಕ್ಷನ್ನಿಗೆ ವೆಕ್ಟರ್ ಕೊಡುವಾಗ ರೆಫರೆನ್ಸ್ ಗುರುತು (‘ನಕಲು ಬೇಡ, ಇದನ್ನೇ ಬಳಸು’ ಅನ್ನುವ ‘&’) ಹಾಕಲು ಮರೆತರೆ ಕರೆದಾಗಲೆಲ್ಲ ಅಷ್ಟೂ ನಕಲಾಗುತ್ತದೆ. ಪ್ರೋಗ್ರಾಂ ಸರಿಯಾದ ಉತ್ತರವನ್ನೇ ಕೊಡುತ್ತದೆ, ಸುಮ್ನೆ ನಿಧಾನ ಆಗುತ್ತದೆ. ಉತ್ತರ ಸರಿ ಇರುವುದರಿಂದ ಟೆಸ್ಟ್‌ಗಳೂ ಇದನ್ನು ಹಿಡಿಯುವುದಿಲ್ಲ.

ಸ್ವಿಫ್ಟ್, ಪಿಎಚ್‌ಪಿ, ಆರ್ ಇಲ್ಲೊಂದು ಜಾಣತನ ಮಾಡುತ್ತವೆ. ಅಸೈನ್ ಮಾಡಿದ ಕೂಡಲೇ ನಕಲು ತೆಗೆಯುವುದಿಲ್ಲ. ಒಳಗೆ ಇಬ್ಬರೂ ಒಂದೇ ಮೆಮೊರಿ ಹಂಚಿಕೊಂಡಿರುತ್ತಾರೆ. ಯಾರಾದರೂ ಮೊದಲ ಸಲ ತಿದ್ದಿದಾಗ ಮಾತ್ರ ನಕಲು. ಯಾರೂ ತಿದ್ದದಿದ್ದರೆ ಖರ್ಚೇ ಇಲ್ಲ. ಒಂದೇ ತೊಡಕು: ಖರ್ಚು ‘=’ ಇರುವ ಸಾಲಿನಿಂದ ಜಾರಿ, ಮುಂದೆ ಎಲ್ಲೋ ಇರುವ ಒಂದು ಸಾಮಾನ್ಯ ತಿದ್ದುಪಡಿ ಸಾಲಿನ ಮೇಲೆ ಬೀಳುತ್ತದೆ. ಪ್ರೊಫೈಲರ್ (ಯಾವ ಸಾಲಿಗೆ ಎಷ್ಟು ಹೊತ್ತು ಹಿಡಿಯಿತು ಅಂತ ಅಳೆಯುವ ಸಾಧನ) ಆ ಸಾಲು ತೋರಿಸಿದಾಗ ‘ಇದ್ಯಾಕೆ ಇಷ್ಟು ಹೊತ್ತು’ ಅಂತ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಇನ್ನೊಂದು ಮಾತು, ಸ್ವಿಫ್ಟ್‌ನ ಕ್ಲಾಸ್‌ಗಳಿಗೆ ಈ ನಿಯಮ ಇಲ್ಲ. ಅವು ಚೀಟಿ ಅಂಟಿಸುವ ಗುಂಪಿನವೇ.

ಗೋ ಭಾಷೆಯ ಸ್ಲೈಸ್ ಎರಡೂ ಕಡೆ ಒಂದೊಂದು ಕಾಲು ಇಟ್ಟಿದೆ. ನನಗೆ ಗೋ ಇಷ್ಟ, ಆದರೆ ಈ ಜಾಗ ಇಷ್ಟವಿಲ್ಲ. ಸ್ಲೈಸ್ ಅಂದರೆ 64 ಬಿಟ್ ಯಂತ್ರದಲ್ಲಿ 24 ಬೈಟ್‌ನ ಒಂದು ತಲೆಬರಹ: ಡೇಟಾ ಎಲ್ಲಿದೆ, ಎಷ್ಟು ಉದ್ದ, ಒಟ್ಟು ಜಾಗ ಎಷ್ಟು. ‘=’ ಈ ತಲೆಬರಹವನ್ನು ನಕಲು ಮಾಡುತ್ತದೆ, ಡೇಟಾ ಮಾತ್ರ ಹಂಚಿಕೆಯಲ್ಲೇ ಉಳಿಯುತ್ತದೆ. ‘ಅ’ ಎಂಬ ಸ್ಲೈಸ್‌ನಲ್ಲಿ ಮೂರು ಸಂಖ್ಯೆ ಇವೆ, ಜಾಗ ನಾಲ್ಕಕ್ಕಿದೆ ಅಂದುಕೊಳ್ಳಿ. ‘ಅ’ಗೆ 10 ಅಪೆಂಡ್ ಮಾಡಿ (ಕೊನೆಗೆ ಸೇರಿಸಿ) ಬಂದದ್ದನ್ನು ‘ಬ’ ಅಂತ ಇಟ್ಟುಕೊಳ್ಳುತ್ತೀರಿ. ಮತ್ತೆ ಅದೇ ‘ಅ’ಗೆ 20 ಅಪೆಂಡ್ ಮಾಡಿ ‘ಕ’ ಅಂತ ಇಡುತ್ತೀರಿ. ಈಗ ‘ಬ’ದ ಕೊನೆಯ ಸಂಖ್ಯೆ ನೋಡಿದರೆ 10 ಅಲ್ಲ, 20! ಎರಡು ಅಪೆಂಡ್‌ಗಳೂ ಖಾಲಿ ಇದ್ದ ಅದೇ ನಾಲ್ಕನೇ ಜಾಗಕ್ಕೆ ಬರೆದವು. ಮೊದಲೇ ಜಾಗ ತುಂಬಿದ್ದರೆ ಹೊಸ ಮೆಮೊರಿ ಸಿಗುತ್ತಿತ್ತು, ಬಗ್ ಕಾಣುತ್ತಲೇ ಇರಲಿಲ್ಲ. ಒಮ್ಮೆ ಬಂದು ಒಮ್ಮೆ ಮಾಯವಾಗುವ ಬಗ್‌ಗಳು ಹುಟ್ಟುವುದು ಇಂಥ ಜಾಗದಲ್ಲೇ. ಗೋ 1.21 ರಿಂದ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲೇ ಸ್ಲೈಸ್ ಕ್ಲೋನ್ ಮಾಡುವ ಫಂಕ್ಷನ್ ಇದೆ. ಅನುಮಾನ ಬಂದರೆ ಅದನ್ನು ಕರೆದುಬಿಡಿ.

ಹಸ್ತಾಂತರ

ಇದು ರಸ್ಟ್‌ನ ದಾರಿ. 2015 ರಲ್ಲಿ ಮೊದಲ ಸ್ಥಿರ ಆವೃತ್ತಿ ಬಂದಾಗಿನಿಂದ ಹೊಸಬರು ಮೊದಲು ಎಡವುವ ಕಲ್ಲು ಕೂಡ ಇದೇ. ವೆಕ್ಟರ್ ಒಂದನ್ನು ಇನ್ನೊಂದು ಹೆಸರಿಗೆ ಅಸೈನ್ ಮಾಡಿದರೆ 24 ಬೈಟ್‌ನ ತಲೆಬರಹ ಮಾತ್ರ ಸಾಗುತ್ತದೆ. ಅಲ್ಲಿಯವರೆಗೆ ಗೋ ಥರಾನೇ. ವ್ಯತ್ಯಾಸ ಆಮೇಲಿನದು: ಹಳೆಯ ಹೆಸರು ಅಲ್ಲಿಗೆ ಮುಗಿಯಿತು. ಬೀಗದ ಕೈ ಕೊಟ್ಟಾದ ಮೇಲೆ ಮನೆ ನನ್ನದಲ್ಲ ಅನ್ನುವ ಹಾಗೆ. ಮತ್ತೆ ಹಳೆಯ ಹೆಸರನ್ನು ಮುಟ್ಟಿದರೆ ಕಂಪೈಲರ್ ಇ0382 ಎಂಬ ಎರರ್ ಕೊಟ್ಟು, ಯಾವ ಸಾಲಿನಲ್ಲಿ ಕೈ ಬದಲಾಯಿತು ಅಂತಲೂ ತೋರಿಸುತ್ತದೆ. ಸಂಖ್ಯೆ, ಬೂಲಿಯನ್ (ನಿಜ/ಸುಳ್ಳು) ಥರದ ಚಿಕ್ಕವಕ್ಕೆ ಈ ಕಟ್ಟುಪಾಡು ಇಲ್ಲ, ಅವು ಸೀದಾ ನಕಲಾಗುತ್ತವೆ. ದೊಡ್ಡದರ ನಕಲು ಬೇಕೇ ಬೇಕು ಅಂದರೆ ‘ಕ್ಲೋನ್’ ಅಂತ ನೀವೇ ಬರೆಯಬೇಕು. ಖರ್ಚು ಎಲ್ಲಿ ಆಗುತ್ತಿದೆ ಅನ್ನುವುದು ಕಣ್ಣಿಗೆ ಕಾಣುತ್ತದೆ. ನನಗೆ ಹಿಡಿಸಿದ್ದೇ ಅದು.

ಸಿ ಪ್ಲಸ್ ಪ್ಲಸ್‌ಗೂ 2011 ರ ಆವೃತ್ತಿಯಲ್ಲಿ ‘ಮೂವ್’ ಬಂತು. ಆದರೆ ಅಲ್ಲಿ ಹಳೆಯ ಹೆಸರು ಸಾಯುವುದಿಲ್ಲ. ಅದನ್ನು ಮುಟ್ಟಿದರೂ ಪ್ರೋಗ್ರಾಂ ಕಂಪೈಲ್ ಆಗುತ್ತದೆ. ಅದರೊಳಗೆ ಈಗ ಏನಿದೆ ಅನ್ನುವುದಕ್ಕೆ ಸಾಮಾನ್ಯವಾಗಿ ಗ್ಯಾರಂಟಿ ಇಲ್ಲ.

ಫೈಲ್, ನೆಟ್‌ವರ್ಕ್ ಸಾಕೆಟ್, ಲಾಕ್ ಇಂಥವನ್ನು ‘ನಕಲು’ ಮಾಡುವುದಕ್ಕೆ ಅರ್ಥವೇ ಇಲ್ಲ. ಒಂದಕ್ಕೆ ಒಬ್ಬರೇ ಯಜಮಾನರು ಇರಬೇಕು. ತಿಂಗಳುಗಟ್ಟಲೆ ನಿಲ್ಲದೆ ಓಡುವ ಸರ್ವರ್, ಹಲವು ಥ್ರೆಡ್‌ಗಳ (ಏಕಕಾಲಕ್ಕೆ ಓಡುವ ಕೆಲಸಗಳ) ಪ್ರೋಗ್ರಾಂ ಬರೆಯುತ್ತಿದ್ದರೆ ಹಸ್ತಾಂತರದ ಭಾಷೆ ಆರಿಸಿ. ಐಡಿಯಾ ಸರಿಯಿದೆಯಾ ಅಂತ ಎರಡು ದಿನದಲ್ಲಿ ನೋಡಬೇಕಿದ್ದರೆ ಬೇಡ. ಒಂದಕ್ಕೊಂದು ತಳಕು ಹಾಕಿಕೊಂಡ ಗ್ರಾಫ್ ಥರದ ಡೇಟಾ ಇದ್ದರೂ ಯೋಚಿಸಿ. ‘ಇದರ ಯಜಮಾನ ಯಾರು’ ಅನ್ನುವ ಪ್ರಶ್ನೆಗೆ ಅಲ್ಲಿ ಸುಲಭ ಉತ್ತರ ಇರುವುದಿಲ್ಲ.

ಬದಲಾಗಬಾರದು ಅಂದರೆ ಯಾವುದು?

ಜಾವಾಸ್ಕ್ರಿಪ್ಟ್‌ನಲ್ಲಿ 2015 ರಿಂದ ‘ಕಾನ್ಸ್ಟ್’ ಇದೆ. ಜಾವಾದಲ್ಲಿ ‘ಫೈನಲ್’, ಕಾಟ್ಲಿನ್‌ನಲ್ಲಿ ‘ವ್ಯಾಲ್’. ಇವು ಮೂರೂ ಬಿಗಿಯುವುದು ಚೀಟಿಯನ್ನು, ವಸ್ತುವನ್ನಲ್ಲ. ‘ಕಾನ್ಸ್ಟ್’ ಹಾಕಿದ ಅರೇಗೆ ಧಾರಾಳವಾಗಿ ಇನ್ನೊಂದು ಸಂಖ್ಯೆ ಸೇರಿಸಬಹುದು. ಆ ಹೆಸರನ್ನು ಬೇರೆ ಅರೇಗೆ ಅಂಟಿಸಲು ಮಾತ್ರ ಬರುವುದಿಲ್ಲ. ಸ್ವಿಫ್ಟ್‌ನಲ್ಲಿ ‘ಲೆಟ್’ ಹಾಕಿದ ಅರೇ ಪೂರ್ತಿ ಕಲ್ಲಾಗುತ್ತದೆ, ಯಾಕೆಂದರೆ ಅಲ್ಲಿ ಹೆಸರು ಮತ್ತು ಮೌಲ್ಯ ಬೇರೆ ಬೇರೆ ಅಲ್ಲ. ರಸ್ಟ್‌ನಲ್ಲಿ ಏನೂ ಹೇಳದಿದ್ದರೆ ಬದಲಾಗುವುದಿಲ್ಲ. ಬದಲಾಗಬೇಕಾದರೆ ‘ಮ್ಯೂಟ್’ ಸೇರಿಸಬೇಕು. ಎರ್ಲಾಂಗ್ ಇನ್ನೂ ಕಟ್ಟುನಿಟ್ಟು. ಅಲ್ಲಿ ‘=’ ಅಂದರೆ ಹೊಂದಿಸಿ ನೋಡುವುದು. ಒಮ್ಮೆ ಹೆಸರಿಗೆ 5 ಸಿಕ್ಕ ಮೇಲೆ ಅದೇ ಹೆಸರಿಗೆ 6 ಅಂತ ಬರೆದರೆ ‘5ಕ್ಕೂ 6ಕ್ಕೂ ಹೊಂದುವುದಿಲ್ಲ’ ಅಂತ ಪ್ರೋಗ್ರಾಂ ನಿಂತುಬಿಡುತ್ತದೆ.

ನನ್ನನ್ನು ಕೇಳಿದರೆ, ಆಯ್ಕೆ ಇರುವ ಎಲ್ಲ ಭಾಷೆಯಲ್ಲೂ ಬದಲಾಗದ ಬಗೆಯಿಂದಲೇ ಶುರು ಮಾಡಿ. ಬೇಕೆನಿಸಿದಾಗ ಸಡಿಲಿಸಬಹುದು. ಸಡಿಲ ಬಿಟ್ಟದ್ದನ್ನು ಆರು ತಿಂಗಳ ಮೇಲೆ ಬಿಗಿಯುವುದು ಕಷ್ಟ. ಆಗ ಅದನ್ನು ಎಲ್ಲೆಲ್ಲಿ ತಿದ್ದುತ್ತಿದ್ದೇವೆ ಅಂತ ಯಾರಿಗೂ ನೆನಪಿರುವುದಿಲ್ಲ.

ಒಂದು ‘=’, ಎರಡು ‘=’

1957 ರ ಫೋರ್ಟ್ರಾನ್ ಅಸೈನ್‌ಮೆಂಟಿಗೆ ‘=’ ಬಳಸಿತು. ಗಣಿತದ ಸಮಕ್ಕೂ ಇದಕ್ಕೂ ಸಂಬಂಧವಿಲ್ಲ, ಗೊಂದಲ ಬೇಡ ಅಂತ ಆಲ್ಗಾಲ್ ‘:=’ ತಂದಿತು, ಪಾಸ್ಕಲ್ ಅದನ್ನೇ ಹಿಡಿಯಿತು. ಸಿ ಭಾಷೆಗೆ ಅದರ ಹಿಂದಿನ ಬಿ ಭಾಷೆಯಿಂದ ಮತ್ತೆ ‘=’ ಬಂತು. ಕೋಡ್‌ನಲ್ಲಿ ಹೋಲಿಕೆಗಿಂತ ಅಸೈನ್‌ಮೆಂಟೇ ಜಾಸ್ತಿ, ಅದಕ್ಕೆ ಚಿಕ್ಕ ಗುರುತು ಇರಲಿ, ಹೋಲಿಕೆಗೆ ‘==’ ಇರಲಿ ಅನ್ನುವ ಲೆಕ್ಕ. ಜೊತೆಗೆ ಸಿ ಅಸೈನ್‌ಮೆಂಟಿಗೂ ಒಂದು ಬೆಲೆ ಕೊಟ್ಟಿತು, ಅಂದರೆ ‘ಇಫ್’ ಥರದ ಷರತ್ತಿನ ಒಳಗೂ ಅದನ್ನು ಬರೆಯಬಹುದು.

ಇದರ ಅಪಾಯ ನೋಡಬೇಕಾದರೆ 2003 ರ ನವೆಂಬರ್‌ಗೆ ಹೋಗಬೇಕು. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಕೋಡ್‌ನ ಒಂದು ಪ್ರತಿಯಲ್ಲಿ ಯಾರೋ ಎರಡು ಸಾಲು ತೂರಿಸಿದ್ದರು. ಮೇಲ್ನೋಟಕ್ಕೆ ಅದು ‘ಇಂಥಿಂಥ ಆಪ್ಷನ್ ಇದ್ದು, ಯೂಸರ್ ನಂಬರ್ 0 ಆಗಿದ್ದರೆ ಎರರ್ ಕೊಡು’ ಅನ್ನುವ ಸಾಮಾನ್ಯ ತಪಾಸಣೆ. ಆದರೆ ‘== 0’ ಇರಬೇಕಾದ ಕಡೆ ‘= 0’ ಇತ್ತು. ಲಿನಕ್ಸ್‌ನಲ್ಲಿ 0 ಅಂದರೆ ರೂಟ್, ಸರ್ವಾಧಿಕಾರಿ. ಆ ಸಾಲು ಓಡಿದರೆ ಕರೆದವರು ರೂಟ್ ಆಗಿಬಿಡುತ್ತಿದ್ದರು. ಅಸೈನ್‌ಮೆಂಟಿನ ಬೆಲೆಯೂ 0, ಅಂದರೆ ‘ಸುಳ್ಳು’, ಆದ್ದರಿಂದ ಎರರ್ ಕೂಡ ಬರುತ್ತಿರಲಿಲ್ಲ. ಮುಖ್ಯ ಭಂಡಾರದಲ್ಲಿ ಆ ಬದಲಾವಣೆಯ ದಾಖಲೆ ಇರಲಿಲ್ಲವಾದ್ದರಿಂದ ಬೇಗ ಸಿಕ್ಕಿಬಿತ್ತು.

ಪೈಥಾನ್, ಗೋ ಈ ಬಾಗಿಲನ್ನೇ ಮುಚ್ಚಿವೆ, ಷರತ್ತಿನಲ್ಲಿ ‘=’ ಬರೆಯಲು ಬಿಡುವುದಿಲ್ಲ. ಪೈಥಾನ್ 3.8 ರಲ್ಲಿ ಅದಕ್ಕೆಂದೇ ಬೇರೆ ಗುರುತು ‘:=’ ಬಂತು. ಅದರ ಮೇಲಿನ ಜಗಳ ಎಷ್ಟಾಯಿತೆಂದರೆ, ಭಾಷೆ ಹುಟ್ಟಿಸಿದ ಗೈಡೋ ವಾನ್ ರೋಸಮ್ 2018 ರಲ್ಲಿ ಮುಖ್ಯಸ್ಥನ ಸ್ಥಾನವನ್ನೇ ಬಿಟ್ಟರು. ಜಾವಾ ಮುಕ್ಕಾಲು ಪಾಲು ಸುರಕ್ಷಿತ: ಸಂಖ್ಯೆಯಾದರೆ ಕಂಪೈಲರ್ ಹಿಡಿಯುತ್ತದೆ, ಬೂಲಿಯನ್ ಆದರೆ ಬಿಡುತ್ತದೆ. ಸಿ ಬರೆಯುವವರು ವಾರ್ನಿಂಗ್‌ಗಳನ್ನು ಆನ್ ಮಾಡಿಟ್ಟುಕೊಂಡರೆ ಇಂಥ ಎಷ್ಟೋ ತಪ್ಪು ಸಿಕ್ಕಿಬೀಳುತ್ತವೆ.

ಗೋ ಭಾಷೆಯ ‘:=’ ಬೇರೆ ಅರ್ಥದ್ದು. ಅದು ಹೊಸ ಹೆಸರು ಹುಟ್ಟಿಸುತ್ತದೆ, ‘=’ ಇದ್ದದ್ದಕ್ಕೆ ಬೆಲೆ ಕೊಡುತ್ತದೆ. ಒಳಗಿನ ಬ್ಲಾಕ್‌ನಲ್ಲಿ ಕೈತಪ್ಪಿ ‘:=’ ಬರೆದರೆ ಅದೇ ಹೆಸರಿನ ಇನ್ನೊಂದು ವೇರಿಯೇಬಲ್ ಹುಟ್ಟಿ, ಹೊರಗಿನದು ಹಾಗೇ ಉಳಿಯುತ್ತದೆ.

ಕಂಪೈಲರ್ ಒಳಗೆ ನಿಮ್ಮ ವೇರಿಯೇಬಲ್‌ಗೆ ಏನಾಗುತ್ತದೆ

ಮೆಮೊರಿ ಉಳಿಸಲು ಒಂದೇ ವೇರಿಯೇಬಲನ್ನು ಹತ್ತು ಕೆಲಸಕ್ಕೆ ಬಳಸುವವರು ಈಗಲೂ ಇದ್ದಾರೆ. ನಾನೂ ಬಳಸುತ್ತಿದ್ದೆ. ಅದರಿಂದ ಉಳಿಯುವುದು ಏನೂ ಇಲ್ಲ. ಯಾಕೆ ಅಂತ ನೋಡೋಣ.

ಮೊತ್ತ = 10
ಮೊತ್ತ = ಮೊತ್ತ + 5
ಮೊತ್ತ = ಮೊತ್ತ * 2

ಜಿಸಿಸಿ, ಎಲ್‌ಎಲ್‌ವಿಎಂ ಥರದ ಕಂಪೈಲರ್‌ಗಳು ಇದನ್ನು ಒಳಗೆ ಹೀಗೆ ಬದಲಿಸಿಕೊಳ್ಳುತ್ತವೆ:

ಮೊತ್ತ1 = 10
ಮೊತ್ತ2 = ಮೊತ್ತ1 + 5
ಮೊತ್ತ3 = ಮೊತ್ತ2 * 2

ಪ್ರತಿ ಹೆಸರಿಗೂ ಒಂದೇ ಒಂದು ಅಸೈನ್‌ಮೆಂಟ್. ಈ ರೂಪಕ್ಕೆ ಎಸ್‌ಎಸ್‌ಎ (ಸ್ಟ್ಯಾಟಿಕ್ ಸಿಂಗಲ್ ಅಸೈನ್‌ಮೆಂಟ್) ಅನ್ನುತ್ತಾರೆ. ಹೀಗಿದ್ದರೆ ಯಾವ ಬೆಲೆ ಎಲ್ಲಿಂದ ಬಂತು ಅಂತ ಹುಡುಕಬೇಕಾಗಿಲ್ಲ. ಮೊತ್ತ3 ಅಂದರೆ 30 ಅಂತ ಕಂಪೈಲರ್ ತಾನೇ ಲೆಕ್ಕ ಹಾಕಿ, ಮೂರೂ ಸಾಲು ಅಳಿಸಿ 30 ಅಂತ ಬರೆದುಬಿಡುತ್ತದೆ. ‘ಇಫ್’ ಬಂದು ಒಂದು ದಾರಿಯಲ್ಲಿ ಮೊತ್ತ4, ಇನ್ನೊಂದು ದಾರಿಯಲ್ಲಿ ಮೊತ್ತ5 ಹುಟ್ಟಿದರೆ, ದಾರಿಗಳು ಸೇರುವ ಕಡೆ ‘ಫೈ’ ಎಂಬ ಕಾಲ್ಪನಿಕ ಫಂಕ್ಷನ್ ಹಾಕುತ್ತಾರೆ: ಯಾವ ದಾರಿಯಿಂದ ಬಂದೆವೋ ಆ ಬೆಲೆ ತೆಗೆದುಕೋ ಅಂತ. ಈ ಯೋಚನೆ 1980 ರ ದಶಕದ ಕೊನೆಗೆ ರೂಪ ಪಡೆಯಿತು. ಇದನ್ನು ಚುರುಕಾಗಿ ಕಟ್ಟುವ ವಿಧಾನದ ಪ್ರಸಿದ್ಧ ಲೇಖನವನ್ನು ರಾನ್ ಸೈಟ್ರನ್ ಮತ್ತು ನಾಲ್ವರು ಜೊತೆಗಾರರು 1991 ರಲ್ಲಿ ಪ್ರಕಟಿಸಿದರು. ಜಿಸಿಸಿ ಇದಕ್ಕೆ ಬಂದದ್ದು 2005 ರ 4.0 ಆವೃತ್ತಿಯಲ್ಲಿ.

ಆಮೇಲೆ ಈ ಬೆಲೆಗಳನ್ನೆಲ್ಲ ರಿಜಿಸ್ಟರ್‌ಗಳಿಗೆ, ಅಂದರೆ ಪ್ರೊಸೆಸರ್ ಒಳಗಿನ ಪುಟ್ಟ ಜಾಗಗಳಿಗೆ, ಹಂಚುತ್ತಾರೆ. ಎಕ್ಸ್86-64 ಪ್ರೊಸೆಸರ್‌ಗಳಲ್ಲಿ ಬಹುಕಾಲದಿಂದ ಇರುವ ಸಾಮಾನ್ಯ ರಿಜಿಸ್ಟರ್‌ಗಳು 16, 64 ಬಿಟ್ ಆರ್ಮ್‌ನಲ್ಲಿ 31. ಒಂದೇ ಹೊತ್ತಿಗೆ ಜೀವ ಇರುವ (ಮುಂದೆ ಇನ್ನೂ ಬೇಕಾಗುವ) ಬೆಲೆಗಳು ಎಷ್ಟು ಅನ್ನುವುದಷ್ಟೇ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ನೀವು ಎಷ್ಟು ಹೆಸರು ಇಟ್ಟಿದ್ದೀರಿ ಅನ್ನುವುದಲ್ಲ. ಡಿಬಗರ್‌ನಲ್ಲಿ ಕೆಲವೊಮ್ಮೆ ‘ಆಪ್ಟಿಮೈಸ್ಡ್ ಔಟ್’ ಅಂತ ಬರುತ್ತದಲ್ಲ, ಅದರ ಅರ್ಥ ನೀವು ಬರೆದ ಆ ವೇರಿಯೇಬಲ್‌ನ ಬೆಲೆ ಆ ಹೊತ್ತಿಗೆ ಎಲ್ಲೂ ಉಳಿದಿಲ್ಲ. ಹಾಗಾಗಿ ಒಳ್ಳೆ ಹೆಸರುಗಳನ್ನು ಧಾರಾಳವಾಗಿ ಇಡಿ.

ಪೈಥಾನ್‌ನ ಮಾಮೂಲಿ ಇಂಟರ್‌ಪ್ರಿಟರ್ ಇಷ್ಟೆಲ್ಲ ಮಾಡುವುದಿಲ್ಲ. ಅಲ್ಲಿ ಬೇರೆ ಒಂದು ಆಯ್ಕೆ ನಿಮ್ಮ ಕೈಯಲ್ಲಿದೆ. ಫಂಕ್ಷನ್ ಒಳಗಿನ ಹೆಸರುಗಳಿಗೆ ಮೊದಲೇ ನಂಬರ್ ಹಾಕಿದ ಜಾಗ ಇರುತ್ತದೆ, ಅಸೈನ್‌ಮೆಂಟ್ ಸೀದಾ ಆ ಜಾಗಕ್ಕೆ ಹೋಗುತ್ತದೆ. ಫಂಕ್ಷನ್ ಹೊರಗಿನ ಹೆಸರುಗಳು ಡಿಕ್ಷನರಿಯಲ್ಲಿರುತ್ತವೆ. ದೊಡ್ಡ ಲೂಪ್ ಒಂದನ್ನು ಹೊರಗಿನಿಂದ ಎತ್ತಿ ಫಂಕ್ಷನ್ ಒಳಗೆ ಹಾಕಿದರೆ ಸಾಮಾನ್ಯವಾಗಿ ವೇಗ ಜಾಸ್ತಿ ಆಗುವುದು ಇದಕ್ಕೇ. ಆದರೆ ಯಾವ ಹೆಸರು ಒಳಗಿನದು ಅಂತ ಫಂಕ್ಷನ್ ಓಡುವ ಮೊದಲೇ ತೀರ್ಮಾನವಾಗಿರುತ್ತದೆ. ಫಂಕ್ಷನ್‌ನಲ್ಲಿ ಎಲ್ಲಾದರೂ ‘ಎಣಿಕೆ = ಎಣಿಕೆ + 1’ ಅಂತ ಇದ್ದರೆ ‘ಎಣಿಕೆ’ ಪೂರ್ತಿ ಒಳಗಿನದಾಗುತ್ತದೆ. ಹೊರಗೆ ಅದೇ ಹೆಸರಿಗೆ ಬೆಲೆ ಇದ್ದರೂ ‘ಇನ್ನೂ ಬೆಲೆ ಕೊಟ್ಟಿಲ್ಲ’ ಅಂತ ಎರರ್ ಬರುತ್ತದೆ. ‘ಗ್ಲೋಬಲ್’ ಅಂತ ಹೇಳಿದರೆ ಎರರ್ ಹೋಗುತ್ತದೆ. ಅದಕ್ಕಿಂತ ಬೆಲೆಯನ್ನು ಒಳಗೆ ಕೊಟ್ಟು ಹೊರಗೆ ರಿಟರ್ನ್ ಮಾಡುವುದು ಉತ್ತಮ.

ಕಂಪೈಲರ್ ಅಸೈನ್‌ಮೆಂಟ್ ಅಳಿಸಿದರೆ ಒಂದು ಕಡೆ ನಿಜವಾದ ಹಾನಿ ಇದೆ. ಸಿ ಭಾಷೆಯಲ್ಲಿ ಪಾಸ್‌ವರ್ಡ್ ಬಳಸಿ ಮುಗಿದ ಮೇಲೆ ಆ ಮೆಮೊರಿಗೆ ಸೊನ್ನೆ ತುಂಬಿ ಹೊರಬರುತ್ತೀರಿ. ಆಮೇಲೆ ಅದನ್ನು ಯಾರೂ ಓದುತ್ತಿಲ್ಲ, ಹಾಗಾದರೆ ಈ ಬರವಣಿಗೆ ದಂಡ ಅಂತ ಕಂಪೈಲರ್ ಆ ಸಾಲನ್ನೇ ಕಿತ್ತು ಹಾಕಬಹುದು. ಭಾಷೆಯ ನಿಯಮದ ಪ್ರಕಾರ ಅದು ಮಾಡಿದ್ದು ಸರಿ. ಪಾಸ್‌ವರ್ಡ್ ಮಾತ್ರ ಮೆಮೊರಿಯಲ್ಲೇ ಉಳಿದಿರುತ್ತದೆ. ಇಂಥ ಕಡೆ ಮೆಮೊರಿಗೆ ಬೆಲೆ ತುಂಬುವ ಮಾಮೂಲಿ ಫಂಕ್ಷನ್ ‘ಮೆಮ್‌ಸೆಟ್’ ಬೇಡ. ಲಿನಕ್ಸ್, ಓಪನ್‌ಬಿಎಸ್‌ಡಿಯಲ್ಲಿ ‘ಎಕ್ಸ್‌ಪ್ಲಿಸಿಟ್ ಬಿಝೀರೊ’, ವಿಂಡೋಸ್‌ನಲ್ಲಿ ‘ಸೆಕ್ಯೂರ್ ಝೀರೊ ಮೆಮೊರಿ’ ಇವೆ. ಸಿ23 ಬೆಂಬಲಿಸುವ ಲೈಬ್ರರಿ ಕೈಯಲ್ಲಿದ್ದರೆ ‘ಮೆಮ್‌ಸೆಟ್ ಎಕ್ಸ್‌ಪ್ಲಿಸಿಟ್’ ಬಳಸಿ.